‘ಕರ್ನೂಲು ತಳಿ’ ನಿಜಕ್ಕೂ ಹದಿನೈದು ಪಟ್ಟು ಮಾರಕವಾಗಿತ್ತೇ?

ಪ್ರಶ್ನೆ: ಕೋವಿಡ್‌ನ ಎರಡನೇ ಅಲೆಯಲ್ಲಿ ನಮ್ಮ ಕರ್ನೂಲಿನ ವೈರಸ್ಸೇ 15 ಪಟ್ಟು ಅಪಾಯಕಾರಿ ಎಂದು ಆದೋನಿ ಕಡೆ ಈಗಲೂ ವಾದಿಸುವವರಿದ್ದಾರೆ. ಇದು ನಿಜವೇ?

ಉತ್ತರ: ತಳಿ ನಿಜ, ‘15 ಪಟ್ಟು’ ಮಾರಕ ಎಂಬುದಕ್ಕೆ ಆಧಾರವಿಲ್ಲ. ವೈರಸ್ಸಿನ ಮೈಮೇಲಿನ ಮುಳ್ಳಿನ ಪ್ರೋಟೀನಿನಲ್ಲಿ 440ನೆಯ ಜಾಗದ ಆಸ್ಪರಜಿನ್ ಎಂಬ ಅಮೈನೋ ಆಮ್ಲ ಹೋಗಿ ಲೈಸಿನ್ ಕೂತರೆ ಅದು ಎನ್440ಕೆ, ಅಂದರೆ ಈ ‘ಕರ್ನೂಲು ತಳಿ’. ಹೈದರಾಬಾದಿನ ಸಿಸಿಎಂಬಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳ ಪ್ರಯೋಗದಲ್ಲಿ, ತಟ್ಟೆಯಲ್ಲಿ ಬೆಳೆಸಿದ ಜೀವಕೋಶಗಳೊಳಗೆ ಇದು ಹಳೆಯ ತಳಿಗಳಿಗಿಂತ ಹೆಚ್ಚು ಕಣಗಳನ್ನು ಹುಟ್ಟಿಸಿತು. ಅಲ್ಲಿ ರೋಗಿಯೂ ಇರಲಿಲ್ಲ, ಸಾವೂ ಇರಲಿಲ್ಲ. ಕಣಗಳ ಲೆಕ್ಕ ಸುದ್ದಿಯ ಬಾಯಿಗೆ ಬಿದ್ದು ಸಾವಿನ ಲೆಕ್ಕವಾಯಿತು. ಈ ತಳಿಯ ಭಯದಲ್ಲೇ 2021ರ ಮೇ ತಿಂಗಳಲ್ಲಿ ದೆಹಲಿ ಸರ್ಕಾರ ಆಂಧ್ರ, ತೆಲಂಗಾಣದಿಂದ ಬಂದವರಿಗೆ 14 ದಿನಗಳ ಕ್ವಾರಂಟೈನ್ ಹೇರಿತು.

ಹಾಗಾದರೆ ಅಷ್ಟೊಂದು ಜನ ಸತ್ತದ್ದು ಸುಳ್ಳೇ ಎಂದು ಕೇಳಬಹುದು. ಸಾವು ಸುಳ್ಳಲ್ಲ, ಆರೋಪಿ ಬೇರೆ. ಎನ್440ಕೆ ಕ್ಷೀಣಿಸುತ್ತಿದೆ, ಬಿ.1.617 ಎಂಬ ತಳಿಗಳ ಗುಂಪು ಅದರ ಜಾಗ ಹಿಡಿಯುತ್ತಿದೆ ಎಂದು ಸಿಸಿಎಂಬಿ ಅದೇ ತಿಂಗಳು ಹೇಳಿತ್ತು. ಆ ಗುಂಪಿನದೇ ಒಂದು ಕವಲು ಡೆಲ್ಟಾ. ಹೆದರಿಕೆಯಿಂದ ಜನ ಮಾಸ್ಕ್ ಹಾಕಿದರಲ್ಲ, ಒಳ್ಳೆಯದೇ ಆಯಿತಲ್ಲ ಎಂಬ ವಾದವೂ ಉಂಟು. ನನಗದು ಒಪ್ಪಿಗೆಯಿಲ್ಲ: ‘ನಮ್ಮ ವೈರಸ್ಸೇ ಬೇರೆ’ ಎಂದು ನಂಬಿದವನಿಗೆ ‘ಲಸಿಕೆ ಇದಕ್ಕೆ ನಾಟದು’ ಎಂದು ನಂಬುವುದು ಒಂದೇ ಹೆಜ್ಜೆ. ಅಂದಹಾಗೆ, 2021ರ ಕೊನೆಗೆ ಬಂದ ಒಮಿಕ್ರಾನಿನಲ್ಲೂ ಇದೇ 440ರ ಬದಲಾವಣೆ ಇತ್ತು. ಅದು ಡೆಲ್ಟಾಗಿಂತ ವೇಗವಾಗಿ ಹಬ್ಬಿದರೂ ಸರಾಸರಿಯಲ್ಲಿ ಸೌಮ್ಯವಾಗಿತ್ತು.