ಕಚೇರಿ ಕಟ್ಟಡದೊಳಗೊಂದು ಹೊಗೆಗೂಡು

ಕೊಳ್ಳೇಗಾಲ ತಾಲ್ಲೂಕಿನ ಕುಂತೂರು ಸಕ್ಕರೆ ಕಾರ್ಖಾನೆಯ ಊರು. ಕಬ್ಬು ಬೆಳೆಯುವ ಆ ಸೀಮೆಯಲ್ಲಿ ಆಲೆಮನೆ ನೋಡದವರು ಕಡಿಮೆ. ಒಲೆಯ ಬಾಯಿಗೆ ಒಣಗಿದ ಕಬ್ಬಿನ ಸಿಪ್ಪೆ ತುರುಕುತ್ತ ಕೂತವನ ಮುಖಕ್ಕೆ ಕಾವು ಬಡಿಯುತ್ತದೆ, ಹೊಗೆ ಅಷ್ಟಾಗಿ ಬಡಿಯುವುದಿಲ್ಲ. ಕೊಪ್ಪರಿಗೆಯ ಅಡಿಯಲ್ಲಿ ಎದ್ದ ಹೊಗೆಯನ್ನೆಲ್ಲ ಆಚೆ ತುದಿಯ ಹೊಗೆಗೂಡು ಎಳೆದುಕೊಂಡು ಆಕಾಶಕ್ಕೆ ಬಿಡುತ್ತದೆ. ಅದಕ್ಕೆ ಫ್ಯಾನೂ ಬೇಡ, ಮೋಟಾರೂ ಬೇಡ.

ಎಳೆಯುವುದು ಎತ್ತರ ಮತ್ತು ಬಿಸಿ, ಎರಡೂ ಸೇರಿ. ನಮ್ಮ ಬೇಸಗೆಯ 30 ಡಿಗ್ರಿ ಗಾಳಿ ಒಂದು ಘನ ಮೀಟರಿಗೆ ಸುಮಾರು 1.16 ಕಿಲೋ ತೂಗುತ್ತದೆ. ಅದನ್ನೇ 300 ಡಿಗ್ರಿಗೆ ಕಾಯಿಸಿದರೆ ಹಿಗ್ಗಿ, ಅಷ್ಟೇ ಜಾಗದಲ್ಲಿ 0.62 ಕಿಲೋ ಮಾತ್ರ ಉಳಿಯುತ್ತದೆ. ಗೂಡಿನೊಳಗೆ ಹಗುರ ಗಾಳಿಯ ಕಂಬ, ಹೊರಗೆ ಭಾರದ ಗಾಳಿಯ ಕಂಬ. ಭಾರದ್ದು ಕೆಳಗಿನಿಂದ ಒಳನುಗ್ಗಿ ಹಗುರವಾದದ್ದನ್ನು ಮೇಲಕ್ಕೆ ತಳ್ಳುತ್ತದೆ. ಗೂಡು ಎತ್ತರವಾದಷ್ಟೂ ತೂಕದ ವ್ಯತ್ಯಾಸ ಹೆಚ್ಚು, ಎಳೆತವೂ ಹೆಚ್ಚು.

ಆಲೆಮನೆಯವರು ಬೇಕೆಂದೇ ಕಟ್ಟುವ ಈ ಗೂಡನ್ನು ಬೆಂಗಳೂರಿನ ಬಹುಮಹಡಿ ಕಚೇರಿಗಳಲ್ಲಿ ನಾವು ಗೊತ್ತಿಲ್ಲದೆ ಕಟ್ಟಿಕೊಂಡಿರುತ್ತೇವೆ. ವಿದ್ಯುತ್ ಕೇಬಲ್‌ಗಳು ನೆಲಮಾಳಿಗೆಯಿಂದ ತಾರಸಿಯವರೆಗೆ ಹಾಯುವ ಡಕ್ಟ್, ಲಿಫ್ಟ್ ಓಡುವ ಬಾವಿ, ಮೆಟ್ಟಿಲ ಗೂಡು ಇವೆಲ್ಲ ನೆಟ್ಟಗೆ ನಿಂತ ಕೊಳವೆಗಳೇ. 20 ಮೀಟರ್ ಎತ್ತರದ ಡಕ್ಟಿನಲ್ಲಿ 300 ಡಿಗ್ರಿಯ ಹೊಗೆ ತುಂಬಿದೆ, ಅದರ ಬುಡ ತೆರೆದಿದೆ ಎಂದುಕೊಳ್ಳಿ. ಮೇಲಿನ ತುದಿಯಲ್ಲಿ 100 ಪ್ಯಾಸ್ಕಲ್‌ಗೂ ತುಸು ಹೆಚ್ಚಿನ ಒತ್ತಡ ಹುಟ್ಟುತ್ತದೆ. ವಾಯುಮಂಡಲದ ಒತ್ತಡದ ಸಾವಿರದಲ್ಲೊಂದು ಪಾಲು ಅಷ್ಟೇ. ಆದರೆ ಎರಡು ಚದರ ಮೀಟರಿನ ಬಾಗಿಲಿನ ಮೇಲೆ ಅದು 20 ಕಿಲೋಗೂ ಮಿಕ್ಕ ಭಾರ ಒರಗಿದಂತೆ. ಯಾವ ಸಂದಿ ಸಿಕ್ಕರೂ ಹೊಗೆ ತೂರುತ್ತದೆ.

2010ರ ಫೆಬ್ರುವರಿ 23ರ ಮಧ್ಯಾಹ್ನ ಬೆಂಗಳೂರಿನ ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಆದದ್ದು ಇದೇ. ಹಲವು ಕಂಪನಿಗಳ ಕಚೇರಿಗಳಿದ್ದ ಕಟ್ಟಡ ಅದು. ವಿದ್ಯುತ್ ಡಕ್ಟಿನಲ್ಲಿ ಹೊತ್ತಿದ ಬೆಂಕಿಯ ಹೊಗೆ ಮೇಲಿನ ಮಹಡಿಗಳನ್ನು ತುಂಬಿತು. ಉಸಿರು ಕಟ್ಟಿದವರು ಕಿಟಕಿಯ ಗಾಜು ಒಡೆದರು, ಕೆಲವರು ಕೆಳಕ್ಕೆ ಹಾರಿದರು. ಒಂಬತ್ತು ಜನ ಸತ್ತರು. ಹೊರಹೋಗುವ ದಾರಿಗಳು ಮುಚ್ಚಿದ್ದವೆಂದು ಆಗ ವರದಿಯಾಗಿತ್ತು. ಆಮೇಲೆ ಸಂತ್ರಸ್ತರ ಕುಟುಂಬದವರು ಮುಂದಾಗಿ ‘ಬಿಯಾಂಡ್ ಕಾರ್ಲ್‌ಟನ್’ ಎಂಬ ಸಂಸ್ಥೆ ಕಟ್ಟಿ, ಅಗ್ನಿಸುರಕ್ಷತೆಯ ಮಾತನ್ನು ಊರಿಗೆ ಕೇಳಿಸುವ ಕೆಲಸಕ್ಕಿಳಿದರು.

ಬೆಂಕಿ ಅವಘಡ ಎಂದಾಗ ನಮ್ಮ ಕಣ್ಣಿಗೆ ಬರುವುದು ಜ್ವಾಲೆ. ಆದರೆ ಇಂಥ ಕಟ್ಟಡಗಳಲ್ಲಿ ಸುಟ್ಟಗಾಯಕ್ಕಿಂತ ಹೊಗೆಯೇ ಹೆಚ್ಚು ಜನರನ್ನು ಕೊಲ್ಲುತ್ತದೆ. ಸರಿಯಾಗಿ ಉರಿಯದ ಬೆಂಕಿ ಕಾರ್ಬನ್ ಮೊನಾಕ್ಸೈಡ್ ಉಗುಳುತ್ತದೆ. ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಇದನ್ನು ಅಪ್ಪಿಕೊಳ್ಳುತ್ತದೆ. ಕೇಬಲ್ಲಿನ ಪಿವಿಸಿ ಸುಟ್ಟರೆ ಬರುವ ಹೈಡ್ರೋಜನ್ ಕ್ಲೋರೈಡ್ ಕಣ್ಣು ಬಿಡಗೊಡುವುದಿಲ್ಲ. ಕುರ್ಚಿಯ ಫೋಮಿನಿಂದ ಹೈಡ್ರೋಜನ್ ಸಯನೈಡ್ ಕೂಡ ಹುಟ್ಟಬಲ್ಲದು. ಒದ್ದೆ ಕರವಸ್ತ್ರ ಮಸಿಯನ್ನು ಒಂದಿಷ್ಟು ತಡೆದೀತು, ಕಾರ್ಬನ್ ಮೊನಾಕ್ಸೈಡನ್ನಲ್ಲ. ಬಿಸಿಹೊಗೆ ಮೊದಲು ಚಾವಣಿಗೆ ಅಂಟಿ, ಅಲ್ಲಿಂದ ಕೆಳಕ್ಕೆ ದಪ್ಪವಾಗುತ್ತ ಬರುತ್ತದೆ. ಬಗ್ಗಿ ನಡೆಯಿರಿ ಎನ್ನುವುದು ಅದಕ್ಕೇ.

ಈಗ ಬಾಗಿಲಿನ ಮಾತು. ಬಾಡಿಗೆಗೆ ಕಚೇರಿ ಹಿಡಿದವರಿಗೆ ಎರಡು ಭಯ: ಕಳ್ಳರದು, ಬೆಂಕಿಯದು. ಕಳ್ಳನ ಭಯ ದಿನದಿನದ್ದು, ಬೆಂಕಿಯದು ಅಣಕು ಕವಾಯತಿನ ದಿನದ್ದು. ಹಾಗಾಗಿ ಹಿಂದಿನ ಮೆಟ್ಟಿಲಿಗೆ ಬೀಗ ಬೀಳುತ್ತದೆ. 1911ರ ಮಾರ್ಚ್ 25ರಂದು ನ್ಯೂಯಾರ್ಕಿನ ಹತ್ತು ಮಹಡಿಯ ಕಟ್ಟಡವೊಂದರ ಮೇಲಿನ ಮೂರು ಮಹಡಿಗಳಲ್ಲಿದ್ದ ಟ್ರಯಾಂಗಲ್ ಉಡುಪು ಕಾರ್ಖಾನೆಗೆ ಬೆಂಕಿ ಬಿದ್ದಾಗ, ಮೆಟ್ಟಿಲಿನ ಒಂದು ಬಾಗಿಲಿಗೆ ಬೀಗವಿತ್ತು. ಸತ್ತವರು 146 ಮಂದಿ. ಆ ಕಟ್ಟಡ ಮಾತ್ರ ಇಂದಿಗೂ ನಿಂತಿದೆ.

ಎರಡೂ ಭಯಕ್ಕೆ ಒಂದೇ ಬಾಗಿಲು ಉತ್ತರ ಕೊಡಬಲ್ಲದು. ಹೊರಗಿನಿಂದ ತೆರೆಯದ, ಒಳಗಿನಿಂದ ಅಡ್ಡಪಟ್ಟಿಯನ್ನು ಒತ್ತಿದರೆ ಸಾಕು ತೆರೆದುಕೊಳ್ಳುವ ಬಾಗಿಲುಗಳಿವೆ. ಕಾರ್ಡು ತೋರಿಸಿ ತೆರೆಯುವ ಕಡೆ ವಿದ್ಯುತ್ಕಾಂತದ ಬೀಗ ಹಾಕಿ, ಕರೆಂಟು ಹೋದರೆ ಅಥವಾ ಬೆಂಕಿಯ ಅಲಾರಂ ಕೂಗಿದರೆ ತಾನಾಗಿ ಬಿಟ್ಟುಕೊಳ್ಳುವಂತೆ ಜೋಡಿಸಬಹುದು. ನಿರ್ಗಮನದ ಬಾಗಿಲು ಒಳಗಿನಿಂದ ಕೀಲಿಯಿಲ್ಲದೆ ತೆರೆಯಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆಯೂ ಹೇಳುತ್ತದೆ.

ಅದೇ ಸಂಹಿತೆಯ 2016ರ ಆವೃತ್ತಿಯಲ್ಲಿ ಹೊಗೆಯನ್ನು ಅದರ ಆಟದಲ್ಲೇ ಸೋಲಿಸುವ ಉಪಾಯವೊಂದಿದೆ. ಎತ್ತರದ ಕಟ್ಟಡದ ಮೆಟ್ಟಿಲ ಗೂಡಿಗೆ ಫ್ಯಾನಿನಿಂದ ಗಾಳಿ ತುಂಬಿ ಸುಮಾರು 50 ಪ್ಯಾಸ್ಕಲ್ ಹೆಚ್ಚಿನ ಒತ್ತಡ ಇಡುವುದು. ಆಗ ಸಂದಿಗಳಲ್ಲಿ ಗಾಳಿ ಮೆಟ್ಟಿಲಿನಿಂದ ಹೊರಕ್ಕೆ ನುಗ್ಗುತ್ತದೆಯೇ ಹೊರತು ಹೊಗೆ ಒಳಕ್ಕೆ ಬರುವುದಿಲ್ಲ. ಒತ್ತಡ ಇನ್ನೂ ಹೆಚ್ಚಿಸಿದರೆ ಮೆಟ್ಟಿಲ ಕಡೆಗೆ ಬಾಗಿಲು ತಳ್ಳಲು ಸಣ್ಣ ಮೈಯವರಿಗೆ ಕಷ್ಟ, ಅದಕ್ಕೇ ಈ ಮಿತಿ. ಕೇಬಲ್ ಡಕ್ಟಿಗೆ ಪ್ರತಿ ಮಹಡಿಯಲ್ಲೂ ಬೆಂಕಿ ತಡೆಯುವ ವಸ್ತುವಿನಿಂದ ಮೆತ್ತೆ ಹಾಕಬೇಕು. ಉದ್ದ ಕೊಳವೆಯನ್ನು ತುಂಡು ಮಾಡಿದರೆ ಅದು ಹೊಗೆಗೂಡಾಗಿ ಉಳಿಯುವುದಿಲ್ಲ. ಕೆಡುವುದು ಇಲ್ಲೇ. ಹೊಸ ಬಾಡಿಗೆದಾರ ಇಂಟರ್ನೆಟ್ ತಂತಿಗೆಂದು ಆ ಮೆತ್ತೆಗೆ ತೂತು ಕೊರೆಸುತ್ತಾನೆ, ತೂತು ಮುಚ್ಚುವವರು ಯಾರೂ ಇಲ್ಲ. ಮೂರು ಜನ ಬಾಡಿಗೆದಾರರು ಬದಲಾಗುವಷ್ಟರಲ್ಲಿ ಆಲೆಮನೆಯ ಗೂಡು ಸಿದ್ಧ.

ಹಿಂದೊಮ್ಮೆ ಕೆಲಸದ ಮೇಲೆ ಬೆಂಗಳೂರಿನ ಕಟ್ಟಡವೊಂದರ ಐದನೇ ಮಹಡಿಗೆ ಹೋಗಿದ್ದೆ. ಮೆಟ್ಟಿಲಿನ ಅಗ್ನಿಬಾಗಿಲು ಹಾರುಹೊಡೆದಿತ್ತು. ಮುಚ್ಚಿಕೊಳ್ಳದಂತೆ ಅಡ್ಡ ಇಟ್ಟಿದ್ದದ್ದು ಬೆಂಕಿ ಆರಿಸುವ ಕೆಂಪು ಸಿಲಿಂಡರನ್ನೇ. ಅದನ್ನೆತ್ತಿ ಗೋಡೆಯ ಕೊಕ್ಕೆಗೆ ಹಾಕಿದೆ, ಬಾಗಿಲು ಮೆಲ್ಲಗೆ ತಾನಾಗಿ ಮುಚ್ಚಿಕೊಂಡಿತು. ಸಂಜೆ ಇಳಿಯುವಾಗ ನೋಡಿದರೆ ಸಿಲಿಂಡರು ಮತ್ತೆ ಬಾಗಿಲ ಬುಡದಲ್ಲಿತ್ತು.