ಕವಾಟದ ಅಳತೆ

ನೆಲವನ್ನು ಅಗೆಯುವ ಯಂತ್ರದ ಉಕ್ಕಿನ ತೋಳು ಮಣ್ಣಿನ ರಾಶಿಯನ್ನು ಲೀಲಾಜಾಲವಾಗಿ ಎತ್ತುವುದನ್ನು ನೋಡದವರು ವಿರಳ. ಆ ತೋಳನ್ನು ಆಡಿಸುವುದು ಸಿಲಿಂಡರಿನೊಳಗಿನ ಎಣ್ಣೆ. ಎಣ್ಣೆಯ ಒತ್ತಡದಿಂದ ಬಲ ಒದಗುತ್ತದೆ. ಅದರ ಹರಿವಿನಿಂದ ವೇಗ ಒದಗುತ್ತದೆ. ಹರಿವಿನ ದಾರಿಯನ್ನು ತೆರೆದು ಮುಚ್ಚುವ ಸಾಧನವೇ ಕವಾಟ.

ಪಂಪು ನಿಮಿಷಕ್ಕೆ 40 ಲೀಟರ್ ಎಣ್ಣೆಯನ್ನು ಒದಗಿಸುತ್ತಿದ್ದರೆ, 40 ಲೀಟರನ್ನು ಸಾಗಿಸುವ ಕವಾಟ ಸಾಕೆಂದು ತೋರುವುದು ಸಹಜ. ಎಡವುವುದು ಇಲ್ಲಿಯೇ. ಪಿಸ್ಟನ್ನಿನ ವ್ಯಾಸ 100 ಮಿಲಿಮೀಟರ್, ಅದಕ್ಕೆ ಜೋಡಿಸಿದ ದಂಡದ ವ್ಯಾಸ 70 ಮಿಲಿಮೀಟರ್ ಎಂದಿರಲಿ. ಪಿಸ್ಟನ್ನಿನ ಒಂದು ಮುಖದ ವಿಸ್ತೀರ್ಣ ಸುಮಾರು 78.5 ಚದರ ಸೆಂಟಿಮೀಟರ್. ಇನ್ನೊಂದು ಮುಖದಲ್ಲಿ ದಂಡವೇ 38.5 ಚದರ ಸೆಂಟಿಮೀಟರಿನಷ್ಟು ಸ್ಥಳವನ್ನು ಆಕ್ರಮಿಸುವುದರಿಂದ, ಎಣ್ಣೆಗೆ ಉಳಿಯುವುದು 40 ಮಾತ್ರ. ದಂಡವನ್ನು ಒಳಕ್ಕೆ ಸೆಳೆಯಲು ಈ ಕಿರಿಯ ಬದಿಗೆ 40 ಲೀಟರ್ ನುಗ್ಗಿದಾಗ, ಎದುರು ಬದಿಯಿಂದ ಸುಮಾರು 78 ಲೀಟರ್ ಹೊರಬೀಳುತ್ತದೆ! ಅದೆಲ್ಲವೂ ಅದೇ ಕವಾಟದ ಮೂಲಕ ಟ್ಯಾಂಕಿಗೆ ಮರಳಬೇಕು. ಕಿರಿದಾದ ತೂಬಿನ ಮುಂದೆ ಕೆರೆಯ ನೀರು ಒತ್ತರಿಸಿ ನಿಲ್ಲುವಂತೆ ಎಣ್ಣೆಯೂ ಅಲ್ಲಿ ಒತ್ತರಿಸುತ್ತದೆ.

ಒಂದೇ ಕಿಂಡಿಯಲ್ಲಿ ಹರಿವು ಇಮ್ಮಡಿಯಾದರೆ ಒತ್ತಡದ ನಷ್ಟ ಸುಮಾರು ನಾಲ್ಮಡಿಯಾಗುತ್ತದೆ. ಹೀಗೆ ನಷ್ಟವಾದುದು ಶಾಖವಾಗಿ ಪರಿಣಮಿಸುತ್ತದೆ. ಎಣ್ಣೆ ಕಾದು ತೆಳುವಾಗುತ್ತದೆ. ಸೀಲುಗಳು ಗಡುಸಾಗಿ ಸೋರತೊಡಗುತ್ತವೆ. ಯಂತ್ರ ನಡುಗೆಲಸದಲ್ಲಿ ನಿಲ್ಲಬಹುದು.

ಹಾಗೆಂದು ಅತಿ ದೊಡ್ಡ ಕವಾಟವೂ ಹಿತವಲ್ಲ. ಹಿಡಿಯನ್ನು ಕೊಂಚ ಸರಿಸಿದರೂ ಎಣ್ಣೆ ಒಮ್ಮೆಗೇ ನುಗ್ಗಿ, ಹೊರೆ ಹೊತ್ತ ತೋಳು ಜಗ್ಗುತ್ತದೆ. ಸಮೀಪದಲ್ಲಿ ದುಡಿಯುವವರಿಗೆ ಅದರಿಂದ ಅಪಾಯ. ಆದುದರಿಂದ ಅನುಭವಿಯಾದ ಎಂಜಿನಿಯರನು ತಯಾರಕರ ಪಟ್ಟಿಯನ್ನು ತೆರೆದಾಗ, ಪಂಪಿನ 40 ಲೀಟರಿಗಲ್ಲ, ಮರಳುವ 78 ಲೀಟರಿಗೆ ಒತ್ತಡದ ನಷ್ಟ ಎಷ್ಟೆಂದು ಮೊದಲು ನೋಡುತ್ತಾನೆ.