ಯಂತ್ರಕ್ಕೆ ಇಂಗ್ಲಿಷೂ ಬಾರದು

ದುಡಿದ ಗಂಟೆಗಳನ್ನು ಗಂಟೆಯ ದರದಿಂದ ಗುಣಿಸಿ ಸಂಬಳ ಲೆಕ್ಕ ಹಾಕಬೇಕು. 1950ರ ಸುಮಾರಿಗೆ ಕಂಪ್ಯೂಟರಿಗೆ ಇಷ್ಟನ್ನು ಹೇಳುವುದೂ ದೊಡ್ಡ ಚಾಕರಿಯಾಗಿತ್ತು. ಗಂಟೆಗಳು ಮೆಮೊರಿಯ ಎಷ್ಟನೇ ಜಾಗದಲ್ಲಿವೆ, ದರ ಎಲ್ಲಿದೆ, ಗುಣಾಕಾರದ ಸಂಕೇತ ಯಾವುದು ಎಂಬುದನ್ನೆಲ್ಲ ನೆನಪಿಟ್ಟುಕೊಂಡು ಸಾಲುಸಾಲಾಗಿ ಬರೆಯಬೇಕಿತ್ತು. ಒಂದು ಅಂಕಿ ತಪ್ಪಿದರೂ ಲೆಕ್ಕ ತಲೆಕೆಳಗು.

ಈ ಚಾಕರಿಯನ್ನು ಯಂತ್ರಕ್ಕೇ ವಹಿಸಬಹುದೆಂದು ಅಮೆರಿಕದ ಗಣಿತಜ್ಞೆ ಗ್ರೇಸ್ ಹಾಪರ್ ಪಟ್ಟು ಹಿಡಿದರು. 1952ರಲ್ಲಿ ಯುನಿವಾಕ್ ಕಂಪ್ಯೂಟರಿಗಾಗಿ ಎ-0 ಎಂಬ ಕಂಪೈಲರ್, ಅಂದರೆ ನಾವು ಬರೆದ ಆಜ್ಞೆಗಳನ್ನು ಯಂತ್ರಸಂಕೇತಕ್ಕೆ ತಿರುಗಿಸುವ ತಂತ್ರಾಂಶ, ಸಿದ್ಧಪಡಿಸಿದರು. ಆಮೇಲೆ ಇಂಗ್ಲಿಷ್ ಪದಗಳಲ್ಲೇ ಆಜ್ಞೆ ಕೊಡಬಹುದಾದ ಫ್ಲೋ-ಮ್ಯಾಟಿಕ್ ಬಂತು. ಅದರ ಜಾಡಿನಲ್ಲಿ 1959ರಲ್ಲಿ ಕೋಬಾಲ್ ಭಾಷೆಯ ಕೆಲಸ ಶುರುವಾಯಿತು.

ಕೋಬಾಲಿನಲ್ಲಿ ಅದೇ ಸಂಬಳದ ಲೆಕ್ಕ ಒಂದೇ ವಾಕ್ಯ: ‘ಮಲ್ಟಿಪ್ಲೈ ಅವರ್ಸ್ ಬೈ ರೇಟ್ ಗಿವಿಂಗ್ ಪೇ.’ ಕಂಪೈಲರ್ ಮೊದಲ ಪದವನ್ನು ತನ್ನ ಪಟ್ಟಿಯಲ್ಲಿ ಹುಡುಕುತ್ತದೆ. ಅದು ಗುಣಾಕಾರದ ಆಜ್ಞೆ ಎಂದು ತಿಳಿಯುತ್ತದೆ. ‘ಅವರ್ಸ್’, ‘ರೇಟ್’, ‘ಪೇ’ ಎಂಬ ಹೆಸರುಗಳಿಗೆ ಮೆಮೊರಿಯಲ್ಲಿ ಗೊತ್ತುಮಾಡಿದ ಜಾಗಗಳನ್ನು ಸೇರಿಸಿ ಯಂತ್ರಸಂಕೇತ ಬರೆಯುತ್ತದೆ. ಸಂಬಳವೆಂದರೇನೆಂದು ಅದಕ್ಕೆ ತಿಳಿದಿರಬೇಕಾಗಿಲ್ಲ. ಅಕ್ಷರಗಳ ಜೋಡಣೆ ಪಟ್ಟಿಗೆ ಹೊಂದಿದರೆ ಸಾಕು.

ಇದನ್ನು ತೋರಿಸಲೆಂದೇ ಹಾಪರ್ ತಂಡ ಕೋಬಾಲಿಗೂ ಮೊದಲೇ ಅದೇ ಬಗೆಯ ಆಜ್ಞೆಗಳನ್ನು ಫ್ರೆಂಚ್ ಮತ್ತು ಜರ್ಮನ್ ಪದಗಳಲ್ಲೂ ಸಿದ್ಧಪಡಿಸಿತು. ಮೇಲಧಿಕಾರಿಗಳು ಗಾಬರಿಯಾದರು: ಅಮೆರಿಕದಲ್ಲಿ ತಯಾರಾದ ಯಂತ್ರಕ್ಕೆ ಪರದೇಶದ ಭಾಷೆ ಹೇಗೆ ಬಂದೀತು? ಕೊನೆಗೆ ಇಂಗ್ಲಿಷ್ ಒಂದನ್ನೇ ಬಳಸುತ್ತೇವೆಂದು ಅವರಿಗೆ ಮಾತು ಕೊಡಬೇಕಾಯಿತೆಂದು ಹಾಪರ್ ಮುಂದೆ ನೆನೆದಿದ್ದಾರೆ.

ಇಂದು ಮಾತಿಗೆ ಮಾತು ಕೊಡುವ ಭಾಷಾ ಮಾದರಿಗಳೂ ನಮ್ಮ ವಾಕ್ಯವನ್ನು ತುಂಡರಿಸಿ ಸಂಖ್ಯೆಗಳಾಗಿಸಿಕೊಂಡೇ ಕೆಲಸ ಮಾಡುತ್ತವೆ. ಆದರೆ ಪಟ್ಟಿಯಲ್ಲಿಲ್ಲದ ಆಜ್ಞೆ ಕಂಡರೆ ಕಂಪೈಲರ್ ದೋಷ ತೋರಿಸುತ್ತದೆ. ಭಾಷಾ ಮಾದರಿಗಳಾದರೋ ತಾವು ಓದಿದ ಅಪಾರ ಪಠ್ಯದ ಬಲದಿಂದ, ಮುಂದೆ ಬರುವ ಸಂಭವ ಹೆಚ್ಚಿರುವ ತುಂಡನ್ನು ಆಯ್ದು ಉತ್ತರ ಕಟ್ಟುತ್ತವೆ. ಹಾಗಾಗಿ ಸೊಗಸಾದ ವಾಕ್ಯದೊಳಗೂ ತಪ್ಪು ಇರಬಹುದು. ಉತ್ತರವನ್ನು ಪರಿಶೀಲಿಸುವ ಹೊಣೆ ನಮ್ಮದೇ.

ಕನ್ನಡಿಗರಿಗೆ ಇದರಲ್ಲೊಂದು ಭರವಸೆಯಿದೆ, ಕೆಲಸವೂ ಇದೆ. ಯಂತ್ರಕ್ಕೆ ಹುಟ್ಟಿನಿಂದ ಬಂದ ನುಡಿ ಯಾವುದೂ ಇಲ್ಲ. ಅಂದು ಪಟ್ಟಿ ಬರೆದವರು ಅದರ ಭಾಷೆ ನಿರ್ಧರಿಸಿದರು. ಇಂದು ಅದಕ್ಕೆ ದೊರೆಯುವ ಪಠ್ಯ ನಿರ್ಧರಿಸುತ್ತಿದೆ. ಬೇಸಾಯ, ವೈದ್ಯಕೀಯ, ಕಾನೂನುಗಳ ಬಗ್ಗೆ ಒಳ್ಳೆಯ ಕನ್ನಡದಲ್ಲಿ ಬರೆದು ಎಲ್ಲರಿಗೂ ಸಿಗುವಂತೆ ಮಾಡಿದಷ್ಟೂ ಕಂಪ್ಯೂಟರಿನ ಕನ್ನಡ ಸುಧಾರಿಸುತ್ತದೆ.